ಕಾರ್ತಹೇನದ ಸಂತರು, ಕಾರ್ತಹೇನದ ಮಾಟಗಾತಿ

ಸೆಪ್ಟೆಂಬರ್ 9 ಸಂತ ಪೇತ್ರ ಕ್ಲಾವೆರರ ಹಬ್ಬ. ಗುಲಾಮರ ಸೇವಕರೆಂದು ಅವರ ಹೆಸರನ್ನು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಅವರು ಬಾಳಿದ ಊರಿನ ಕಥೆಯನ್ನು ಮಾತ್ರ ನಾವು ಪೂರ್ತಿಯಾಗಿ ಹೇಳುವುದು ಕಡಿಮೆ.

ಆ ಊರು ಕಾರ್ತಹೇನ, ಇಂದಿನ ಕೊಲಂಬಿಯ ದೇಶದ ಬಂದರು. ಸ್ಪೇನಿನ ಅರಸರ ಪರವಾನಗಿ ಪಡೆದ ಪೋರ್ಚುಗೀಸ್ ವರ್ತಕರು ಆಫ್ರಿಕದ ಜನರನ್ನು ಹಡಗಿನಲ್ಲಿ ತುಂಬಿ ತಂದು ಇಲ್ಲಿ ಮಾರುತ್ತಿದ್ದರು. ಗಣಿಗಳಿಗೂ ತೋಟಗಳಿಗೂ ಆಳು ಬೇಕಿತ್ತು. ಅಟ್ಲಾಂಟಿಕ್ ಸಾಗರದ ಈ ವ್ಯಾಪಾರದಲ್ಲಿ ಒಟ್ಟು 1.25 ಕೋಟಿ ಜನರನ್ನು ಹಡಗು ಹತ್ತಿಸಲಾಯಿತೆಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಸುಮಾರು 18 ಲಕ್ಷ ಮಂದಿ ದಡ ಸೇರಲೇ ಇಲ್ಲ. ಇದಕ್ಕೆ ಬಾಗಿಲು ತೆರೆದವರಲ್ಲಿ ನಮ್ಮವರೂ ಇದ್ದರು. ಅನ್ಯಮತೀಯರನ್ನು ದಾಸ್ಯಕ್ಕೆ ಒಳಪಡಿಸಲು ಪೋರ್ಚುಗಲ್ ಅರಸನಿಗೆ 1452 ಮತ್ತು 1455ರಲ್ಲಿ ಅನುಮತಿ ಕೊಟ್ಟವರು ಜಗದ್ಗುರು ಐದನೆಯ ನಿಕೋಲಾಸರು.

1610ರಲ್ಲಿ ಕಾರ್ತಹೇನಕ್ಕೆ ಯೇಸುಸಭೆಯ ಯುವಕ ಕ್ಲಾವೆರ್ ಬಂದರು. ಅದೇ ವರ್ಷ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯವೂ ಸ್ಥಾಪನೆಯಾಯಿತು. (ಗೋವೆಯ ಇನ್‌ಕ್ವಿಸಿಷನ್ನಿನ ಸುದ್ದಿಯನ್ನು ನಮ್ಮ ಕರಾವಳಿಯವರು ಹಿರಿಯರಿಂದ ಕೇಳಿಯೇ ಇರುತ್ತಾರೆ.)

ಹಡಗು ಬಂತೆಂದರೆ ಕ್ಲಾವೆರ್ ಹಣ್ಣು, ನೀರು, ಮದ್ದು ಹಿಡಿದು ಓಡುತ್ತಿದ್ದರು. ಸರಪಳಿಯಲ್ಲಿದ್ದ ಆ ಜನರಿಗೆ ಒಂದು ದೊಡ್ಡ ಭಯವಿತ್ತು: ಬಿಳಿಯರು ತಮ್ಮನ್ನು ಕೊಂದು ಮೈಕೊಬ್ಬಿನಿಂದ ಎಣ್ಣೆ ತೆಗೆಯುತ್ತಾರೆ ಎಂದು. ಯಾರ ಕಣ್ಣಿಗೆ ಯಾರು ಮಾಟಗಾರರು, ನೋಡಿ! ಈ ಭಯ ಬಿಡಿಸುವುದೇ ಕ್ಲಾವೆರರ ಮೊದಲ ಕೆಲಸವಾಗಿತ್ತು. 1622ರಲ್ಲಿ ಕೊನೆಯ ವ್ರತ ಸ್ವೀಕರಿಸಿದಾಗ ಅವರು ತಮ್ಮನ್ನು ಆಫ್ರಿಕದವರ ಗುಲಾಮನೆಂದೇ ಬರೆದುಕೊಂಡರು.

ಇತ್ತ ನ್ಯಾಯಾಲಯದಲ್ಲಿ 1624ರಲ್ಲಿ ಪೌಲ ದೆ ಎಗಿಲೂಸ್ ಎಂಬ ಗುಲಾಮ ಹೆಂಗಸಿನ ವಿಚಾರಣೆ ನಡೆಯಿತು. ಸಾಂತೊ ದೊಮಿಂಗೊದಲ್ಲಿ ಹುಟ್ಟಿ, ಕ್ಯೂಬದಲ್ಲಿ ದುಡಿದವಳು, ಗಿಡಮೂಲಿಕೆ ಬಲ್ಲವಳು. ಮಾಟಗಾತಿ, ಸೈತಾನನೊಂದಿಗೆ ಒಪ್ಪಂದ ಮಾಡಿಕೊಂಡವಳು ಎಂಬುದು ಆರೋಪ. 1630ರ ದಶಕದಲ್ಲಿ ಮತ್ತೆ ಅವಳನ್ನು ಕಟಕಟೆಗೆ ತಂದರು. ಅವಳನ್ನು ಕೊಂಡು ಮಾರಿದವರ ಮೇಲೆ ಆ ನ್ಯಾಯಾಲಯ ಅದಕ್ಕಾಗಿ ಮೊಕದ್ದಮೆ ಹೂಡಲಿಲ್ಲ. ಮಾರಾಟ ಕಾನೂನಿಗೆ ಸರಿಯಾಗಿತ್ತು, ಮದ್ದು ಅರೆಯುವುದು ಅನುಮಾನಕ್ಕೆ ಕಾರಣವಾಗಿತ್ತು.

ಸಂತರ ಕಥೆಯಲ್ಲೂ ಒಂದು ನೋಯಿಸುವ ಮಾತಿದೆ. ಆಫ್ರಿಕದ ಭಾಷೆಗಳನ್ನು ಕ್ಲಾವೆರರಿಗೆ ತಿಳಿಸಿ ಹೇಳುತ್ತಿದ್ದ ದುಭಾಷಿಗಳು, ಅಂಗೋಲದ ಆಂದ್ರೆಸ್ ಸಕಬುಚೆ ಮೊದಲಾದವರು, ಯೇಸುಸಭೆಯ ವಿದ್ಯಾಮಂದಿರ ಕೊಂಡಿದ್ದ ಗುಲಾಮರೇ. ಕ್ಲಾವೆರ್ 1654ರಲ್ಲಿ ತೀರಿಕೊಂಡ ಮೇಲೆ, ಅವರ ಪುಣ್ಯಜೀವನಕ್ಕೆ ಸಾಕ್ಷಿ ನುಡಿದವರಲ್ಲಿ ಇವರೂ ಸೇರಿದ್ದರು. 1888ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು.

ಧರ್ಮಸಭೆ ಗುಲಾಮರ ವ್ಯಾಪಾರವನ್ನು ಬಿಚ್ಚುಮಾತಿನಲ್ಲಿ ಖಂಡಿಸಿದ್ದು 1839ರಲ್ಲಿ, ಹದಿನಾರನೆಯ ಗ್ರೆಗೊರಿಯವರ ಪತ್ರದಲ್ಲಿ. 1985ರಲ್ಲಿ ಕ್ಯಾಮರೂನಿನಲ್ಲಿ ಎರಡನೆಯ ಜಾನ್ ಪೌಲರು ಆಫ್ರಿಕದ ಸೋದರರ ಕ್ಷಮೆ ಬೇಡಿದರು. ಪೋಪರ ಹಳೆಯ ಪತ್ರಗಳ ಆಧಾರದ ಮೇಲೆ ಪರರ ನೆಲವನ್ನು ತಮ್ಮದೆನ್ನುವ ವಾದವನ್ನು ವ್ಯಾಟಿಕನ್ ತಳ್ಳಿಹಾಕಿದ್ದು 2023ರಲ್ಲಿ.

ಇದು ದೂರದ ಸಂಗತಿ ಎನ್ನುವಿರಾ? ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿಗಳಲ್ಲಿ ಅನೇಕರ ಪೂರ್ವಜರು ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ಗುಲಾಮರು. ಅವರಲ್ಲಿ ಕಥೋಲಿಕರೂ ಇದ್ದಾರೆ. ನಮ್ಮಂತೆಯೇ ಪೂಜೆಗೆ ಬರುತ್ತಾರೆ.

ಇಂದು ರಾತ್ರಿ ಜಪಮಾಲೆಯ ನಂತರ ಸಂತ ಪೌಲರು ಫಿಲೆಮೋನನಿಗೆ ಬರೆದ ಪತ್ರವನ್ನು ಮನೆಯವರೆಲ್ಲ ಕುಳಿತು ಓದಿ. ಒಂದೇ ಅಧ್ಯಾಯ, 25 ವಚನ. ಗುಲಾಮ ಒನೇಸಿಮನನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಪೌಲರು ಕೇಳುತ್ತಾರೆಂಬುದನ್ನು ಮಕ್ಕಳೇ ಹುಡುಕಿ ಹೇಳಲಿ.