ಡಯಾಲಿಸಿಸ್ ಕೋಣೆಯಲ್ಲಿ ಕಲಿತ ನಂಬಿಕೆ

ಮಂಗಳೂರಿನಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ನಮ್ಮ ಸಿ.ಎಸ್.ಐ. ಸಭೆಯ ಪರವಾಗಿ ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ಕಂಡು ಪ್ರಾರ್ಥಿಸಿ ಬರುವ ಕೆಲಸ ಈಗ ನನ್ನದು. ಈ ಎರಡರ ನಡುವೆ ನನ್ನ ಯಜಮಾನರ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಇಷ್ಟು ವರ್ಷ ಬೇರೆಯವರ ಮಂಚದ ಪಕ್ಕದಲ್ಲಿ ಧೈರ್ಯ ಹೇಳುತ್ತಿದ್ದವಳು ಸ್ವಂತ ಮನೆಯವರ ಮಂಚದ ಪಕ್ಕದಲ್ಲಿ ಕೂರಬೇಕಾಯಿತು. ಹೆದರಿಕೆಯೂ ಸಂಶಯವೂ ಮನೆಯಲ್ಲೇ ಬಿಡಾರ ಹೂಡಿದಾಗ ಕ್ರಿಸ್ತನನ್ನು ಹಿಡಿದುಕೊಳ್ಳುವುದು ಹೇಗೆ ಎಂದು ಎಷ್ಟೋ ಮಂದಿ ಕೇಳುತ್ತಾರೆ. ಅವರಿಗಾಗಿ ಇದು.

1. ಹೆದರಿಕೆಯನ್ನು ಬಿಡಿಸಿ ಹೇಳಿ

ನಡುರಾತ್ರಿ ಎಚ್ಚರವಾದರೆ ಎಲ್ಲ ಭಯವೂ ಒಟ್ಟುಗೂಡಿ ಎದೆಯ ಮೇಲೆ ಕೂರುತ್ತದೆ. ನಾನು ಒಂದು ಹಳೆಯ ಡೈರಿ ತೆಗೆದು ಒಂದೊಂದಾಗಿ ಬರೆಯತೊಡಗಿದೆ. ಪೊಟ್ಯಾಸಿಯಂ ಏರಿ ನಿದ್ದೆಯಲ್ಲೇ ಹೃದಯ ನಿಂತರೆ? ಮಗಳ ಕೊನೆಯ ವರ್ಷದ ಫೀಸು? ಅವರು ಹೋದ ಮೇಲೆ ಈ ಮನೆಯಲ್ಲಿ ನಾನೊಬ್ಬಳೇ? ಬರೆದ ಮೇಲೆ ಗೊತ್ತಾಯಿತು: ಮೊದಲನೆಯದು ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ, ಎರಡನೆಯದು ಅಣ್ಣನ ಹತ್ತಿರ ಕೂತು ಮಾತಾಡಬೇಕಾದ ವಿಷಯ. ಮೂರನೆಯದನ್ನು ದೇವರ ಮುಂದಲ್ಲದೆ ಇನ್ನೆಲ್ಲೂ ಇಡುವಂತಿರಲಿಲ್ಲ. ಇಟ್ಟೆ, ಅತ್ತುಕೊಂಡೇ ಇಟ್ಟೆ.

ಹಾಗೆ ಅಳುವುದು ನಂಬಿಕೆಯ ಕೊರತೆ ಎಂದು ಯಾರೂ ತಿಳಿಯಬಾರದು. ಸತ್ಯವೇದದ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಗೋಳಿನವು. 88ನೆಯ ಕೀರ್ತನೆಯಂತೂ ಕೊನೆಯವರೆಗೂ ಸಮಾಧಾನದ ಒಂದು ಮಾತಿಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಆರಂಭದ ಮಾತನ್ನು. ದೇವರೊಡನೆ ಜಗಳವಾಡುವವನು ಇನ್ನೂ ದೇವರ ಹತ್ತಿರವೇ ಮಾತಾಡುತ್ತಿದ್ದಾನಲ್ಲ!

2. ಸಂಶಯ ಹೋಗಲಿ, ಆಮೇಲೆ ನಂಬುತ್ತೇನೆ ಎಂದು ಕಾಯಬೇಡಿ

ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಬರುತ್ತಾನೆ. ತನಗೆ ನಂಬಿಕೆ ಇದೆ ಎಂದೂ, ಅದು ಸಾಲದು ಎಂದೂ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುತ್ತಾನೆ. ಪೂರ್ತಿ ನಂಬಿಕೆ ತಂದುಕೊಂಡು ಬಾ ಎಂದು ಯೇಸು ಅವನನ್ನು ವಾಪಸು ಕಳಿಸಲಿಲ್ಲ, ಹುಡುಗನನ್ನು ಗುಣಪಡಿಸಿದ. ಐಸಿಯು ಹೊರಗೆ ಕೂತ ತಂದೆ ತಾಯಿಯರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಈ ಮನುಷ್ಯನ ಕತೆ.

ಯಜಮಾನರ ಎಡಗೈಗೆ ಡಯಾಲಿಸಿಸ್‌ಗಾಗಿ ಫಿಸ್ಟುಲಾ, ಅಂದರೆ ಎರಡು ರಕ್ತನಾಳಗಳ ಜೋಡಣೆ, ಮಾಡಿದ್ದರು. ರಕ್ತ ಸರಿಯಾಗಿ ಹರಿಯುತ್ತಿದ್ದರೆ ಅಲ್ಲಿ ಬೆರಳಿಟ್ಟಾಗ ಸಣ್ಣ ಕಂಪನ ಸಿಗಬೇಕು, ನಿಂತರೆ ಅಪಾಯ. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಅವರ ಮೊಣಕೈ ಗಂಟಿನ ಮೇಲ್ಗಡೆ ಮೂರು ಬೆರಳಿಟ್ಟು ನೋಡುತ್ತಿದ್ದೆ. ಕಂಪನ ಸಿಕ್ಕಿದ ಮೇಲೆ ಕೈ ತೆಗೆಯದೆ ಹಾಗೆಯೇ ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ಮನಸ್ಸು ನೆಟ್ಟಗಿದ್ದ ದಿನವೂ ಹೇಳಿದೆವು, ಇಲ್ಲದ ದಿನವೂ ಹೇಳಿದೆವು. ನಂಬಿಕೆಯನ್ನು ಆರಿಸಿಕೊಳ್ಳುವುದೆಂದರೆ ನನಗೆ ಮುಖ್ಯವಾಗಿ ಇದೇ. ಭಯ ಪಕ್ಕದಲ್ಲಿ ಕೂತಿರುವಾಗಲೇ ಬಾಯಿ ತೆರೆದು ತಂದೆಯನ್ನು ಕರೆಯುವುದು.

3. ಮನಸ್ಸಿಗೆ ಏನೂ ಅನಿಸದಿದ್ದರೂ ಸರಿ

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ಬಳಿಕ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಓದಿದವರು ಬೆರಗಾದರು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯವೇ ಅನುಭವಕ್ಕೆ ಬರುತ್ತಿಲ್ಲ ಎಂದು ತಮ್ಮ ಗುರುಗಳಿಗೆ ಅವರು ಬರೆದಿದ್ದರು. ಆದರೂ ಬೆಳಗಿನ ಪೂಜೆ ಬಿಡಲಿಲ್ಲ, ಕಲ್ಕತ್ತೆಯ ಸಾಯುತ್ತಿದ್ದವರ ಆರೈಕೆ ಬಿಡಲಿಲ್ಲ. 2016ರಲ್ಲಿ ಅವರನ್ನು ಸಂತರೆಂದು ಘೋಷಿಸುವಾಗ ಆ ಪತ್ರಗಳು ಎಲ್ಲರಿಗೂ ಗೊತ್ತಿದ್ದವು. ಪ್ರಾರ್ಥನೆ ಮಾಡಿದರೂ ಒಳಗೆ ಏನೂ ಆಗುವುದಿಲ್ಲ ಎಂದು ಕೊರಗುವವರಿಗೆ ಇದಕ್ಕಿಂತ ದೊಡ್ಡ ಆಸರೆ ಬೇಕೇ?

4. "ನಿಮಗೆ ನಂಬಿಕೆ ಸಾಲದು" ಎನ್ನುವವರನ್ನು ರೋಗಿಯ ಹತ್ತಿರ ಬಿಡಬೇಡಿ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪ್ರಾರ್ಥನೆ ಮಾಡುತ್ತೇನೆಂದು ಮನೆಗೆ ಬಂದ ಒಬ್ಬರು, ಯಂತ್ರದ ಮೇಲೆ ಭರವಸೆ ಇಟ್ಟದ್ದರಿಂದಲೇ ಸ್ವಸ್ಥತೆ ತಡವಾಗುತ್ತಿದೆ, ಒಂದು ವಾರ ಡಯಾಲಿಸಿಸ್ ನಿಲ್ಲಿಸಿ ನೋಡಿ ಎಂದರು. ಒಂದು ವಾರ ನಿಲ್ಲಿಸಿದರೆ ಏನಾಗುತ್ತದೆಂದು ನರ್ಸ್ ಆದ ನನಗೆ ಗೊತ್ತಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿ, ಪೊಟ್ಯಾಸಿಯಂ ಏರಿ ಜೀವ ಹೋಗಬಹುದು. ಅವರನ್ನು ಕೂರಿಸಿ, ಚಹಾ ಕೊಟ್ಟು, ಇನ್ನು ಈ ಮನೆಗೆ ಬರಬೇಡಿ ಎಂದು ಹೇಳಿ ಕಳಿಸಿದೆ.

ಸ್ವಸ್ಥತೆಗಾಗಿ ನಾನೂ ಬೇಡಿದ್ದೇನೆ, ಈಗಲೂ ಬೇಡುತ್ತೇನೆ. ಆದರೆ ಸ್ವಸ್ಥತೆ ಬಾರದಿದ್ದರೆ ತಪ್ಪು ರೋಗಿಯದು ಎನ್ನುವ ಬೋಧನೆ ಸುವಾರ್ತೆಯಲ್ಲಿಲ್ಲ. ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಗೆತ್ಸೇಮನೆ ತೋಟದಲ್ಲಿ ಯೇಸು ಬೇಡಿದ, ತೊಲಗಲಿಲ್ಲ. ತನ್ನ ಶರೀರದ ಮುಳ್ಳನ್ನು ತೆಗೆಯಬೇಕೆಂದು ಪೌಲ ಮೂರು ಸಲ ಬೇಡಿದ, ಮುಳ್ಳು ಉಳಿಯಿತು, ಜೊತೆಗೆ ಕೃಪೆಯ ಮಾತು ಸಿಕ್ಕಿತು. ಯಾರ ನಂಬಿಕೆ ಕಡಿಮೆಯಿತ್ತು? ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪದಿಂದ ಹೀಗಾಯಿತು ಎಂದು ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕವನ್ನೇ ತಳ್ಳಿಹಾಕಿದ.

ಯೋಬನ ಗೆಳೆಯರನ್ನು ನೋಡಿ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು, ಅದು ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದು ಕಾರಣ ಹುಡುಕಲು ಹೊರಟಾಗ ಕೆಟ್ಟರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ, ಕೂಗಾಡಿದ ಯೋಬನ ಮೇಲಲ್ಲ. ಹಾಗಾಗಿ ಭೇಟಿಗೆ ಹೋದಾಗ ಇದು ದೇವರ ಚಿತ್ತ, ಇದರಲ್ಲಿ ಏನೋ ಪಾಠವಿದೆ ಎಂಬ ಮಾತುಗಳನ್ನು ನಾನು ಆಡುವುದಿಲ್ಲ. ಜೊತೆಗೆ ಬರುವ ಯುವಕರಿಗೂ ಆಡಬೇಡಿ ಎನ್ನುತ್ತೇನೆ.

5. ಉಣ್ಣಿ, ಮಲಗಿ

ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿದ ಎಲೀಯ ಗಿಡವೊಂದರ ಕೆಳಗೆ ಕೂತು ಸಾವನ್ನು ಬೇಡಿದ. ದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೊಮ್ಮೆ ಉಣ್ಣಿಸಿದ. ಮೂರು ರಾತ್ರಿ ನಿದ್ದೆಗೆಟ್ಟವರಿಗೆ ದೇವರೇ ಇಲ್ಲವೇನೋ ಎನಿಸುವುದು ಸಹಜ. ಮೊದಲು ಗಂಜಿ ಉಪ್ಪಿನಕಾಯಿಯಾದರೂ ಹೊಟ್ಟೆಗೆ ಬೀಳಲಿ.

6. ಒಬ್ಬರೇ ಹೊರಬೇಡಿ

ತೋಮನನ್ನು ಸಂಶಯದವನು ಎಂದಷ್ಟೇ ನೆನೆಯುತ್ತೇವೆ. ಸಂಶಯವಿದ್ದರೂ ಅವನು ಉಳಿದ ಶಿಷ್ಯರ ಗುಂಪು ಬಿಟ್ಟುಹೋಗಲಿಲ್ಲ, ಎಂಟು ದಿನದ ಮೇಲೆ ಅವರೊಡನೆ ಅದೇ ಮನೆಯಲ್ಲಿದ್ದ, ಯೇಸು ಅಲ್ಲಿಗೇ ಬಂದ. ಕಷ್ಟ ಬಂದಾಗ ಭಾನುವಾರದ ಆರಾಧನೆ ತಪ್ಪಿಸುವವರಿಗೆ ನಾನು ಇದನ್ನು ನೆನಪಿಸುತ್ತೇನೆ. ನಿಮಗೆ ಹಾಡಲಾಗದಿದ್ದರೆ ಪಕ್ಕದವರು ಹಾಡುತ್ತಾರೆ, ನೀವು ನಿಂತಿದ್ದರೆ ಸಾಕು.

"ಏನಾದರೂ ಬೇಕಾದರೆ ಹೇಳಿ" ಎನ್ನುವವರಿಗೆ ನಿಜವಾಗಿಯೂ ಏನು ಬೇಕೆಂದು ಹೇಳಿಬಿಡಿ. ಗುರುವಾರ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಒಬ್ಬರು, ಶನಿವಾರ ಸಾರು ತರುವವರು ಒಬ್ಬರು. ಏನು ಬೇಡ ಎಂಬುದನ್ನೂ ಹೇಳಬೇಕು. ನಮ್ಮೂರಿನಲ್ಲಿ ರೋಗಿಯನ್ನು ನೋಡಲು ಬರುವವರ ಕೈಯಲ್ಲಿ ಬೊಂಡ (ಎಳನೀರು) ಇದ್ದೇ ಇರುತ್ತದೆ. ಡಯಾಲಿಸಿಸ್ ರೋಗಿಗೆ ಅದರ ಪೊಟ್ಯಾಸಿಯಂ ವಿಷದಂತೆ. ಪ್ರೀತಿಯಿಂದ ತಂದವರಿಗೆ ಪ್ರೀತಿಯಿಂದಲೇ ಹೇಳಿ, ಬೊಂಡವನ್ನು ಅವರಿಗೇ ಕುಡಿಸಿ ಕಳಿಸುತ್ತಿದ್ದೆ.

7. ಹಿರಿಯರು ದಾಟಿದ್ದನ್ನು ನೆನೆಯಿರಿ

ನಮ್ಮ ಸಭೆಗೆ ಮೂಲವಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದ ಎಷ್ಟೋ ಮಂದಿ ಮನೆ, ಆಸ್ತಿ, ಕಸುಬು ಕಳೆದುಕೊಂಡರು. ಅವರ ಹೊಟ್ಟೆಪಾಡಿಗೆ ನೇಯ್ಗೆಯೂ 1865ರಲ್ಲಿ ಶುರುವಾದ ಜೆಪ್ಪುವಿನ ಹೆಂಚಿನ ಕಾರ್ಖಾನೆಯೂ ಆಸರೆಯಾದವು. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧಿಸಿ, ಬಳಿಕ ಊರಿಗೆ ಕಳಿಸಿತು, ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು. ಕರಾವಳಿಯಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯವರೆಗಿನ ಸಭೆಗಳು ಹಠಾತ್ತನೆ ಆಸರೆ ಕಳೆದುಕೊಂಡವು. ಆದರೂ ಸಭೆಗಳು ಉಳಿದವು, ಊರಿನ ಸಭಾಪಾಲಕರೂ ಹಿರಿಯರೂ ನಡೆಸಿಕೊಂಡು ಬಂದರು. ಮಿಷನ್ನಿನ ಹಳೆಯ ನೆಲೆಯಾದ ಬಲ್ಮಠದ ಕಡೆ ಹೋದಾಗಲೆಲ್ಲ ಆ ಹೆಸರಿಲ್ಲದ ಹೆಂಗಸರು ಗಂಡಸರು ನೆನಪಾಗುತ್ತಾರೆ. ನಾಳೆ ಏನೆಂದು ಅವರಿಗೂ ಗೊತ್ತಿರಲಿಲ್ಲ.

8. ನಂಬಿಕೆ ನಿಂತಿರುವುದು ಎಲ್ಲಿ ಎಂದು ತಿಳಿದಿರಲಿ

ಯಜಮಾನರಿಗೆ ಗುಣವಾಗಲಿಲ್ಲ. ಒಂದು ಮಳೆಗಾಲದಲ್ಲಿ ತೀರಿಕೊಂಡರು. ಎಲ್ಲ ಸರಿಹೋಗುತ್ತದೆ ಎಂಬುದಷ್ಟೇ ನನ್ನ ನಂಬಿಕೆಯಾಗಿದ್ದರೆ ಅದನ್ನೂ ಅವರ ಜೊತೆ ಮಣ್ಣುಮಾಡಬೇಕಾಗುತ್ತಿತ್ತು. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆಗೆ ಬೆಲೆಯೇ ಇಲ್ಲ ಎಂದು ಪೌಲ ಕೊರಿಂಥದವರಿಗೆ ನೇರವಾಗಿ ಬರೆದ. ಎದ್ದಿದ್ದಾನೆ ಎಂದು ನಾನು ನಂಬುತ್ತೇನೆ. ಅದರಿಂದ ಅಳು ನಿಲ್ಲಲಿಲ್ಲ, ಊಟದ ಮೇಜಿನ ಖಾಲಿ ಕುರ್ಚಿ ತುಂಬಲಿಲ್ಲ. ಆದರೆ ಮುಂದಿನ ಭಾನುವಾರ ವಿಶ್ವಾಸಪ್ರಮಾಣದಲ್ಲಿ ಪುನರುತ್ಥಾನದ ಮಾತು ಬಂದಾಗ ಮಗಳ ಕೈ ಹಿಡಿದು ದನಿಯೆತ್ತಿ ಹೇಳಿದೆ.

ಕೆಲವು ತಿಂಗಳ ಬಳಿಕ ಅದೇ ಡಯಾಲಿಸಿಸ್ ವಿಭಾಗಕ್ಕೆ ಭೇಟಿಗೆ ಹೋಗತೊಡಗಿದೆ. ಹೊಸದಾಗಿ ಬಂದ ಹೆಂಗಸೊಬ್ಬಳು ಗಂಡನ ಫೈಲು ಎದೆಗವಚಿಕೊಂಡು, "ಸಿಸ್ಟರ್, ನನಗೆ ಪ್ರಾರ್ಥನೆಯೇ ಬಾಯಿಗೆ ಬರುವುದಿಲ್ಲ" ಎಂದಳು. "ಬೇಡಮ್ಮ, ಇವತ್ತು ನಾನು ಮಾಡುತ್ತೇನೆ, ನೀನು ಕೂತಿರು" ಎಂದೆ. ಆಮೇಲೆ ಅವಳ ಗಂಡನ ಫಿಸ್ಟುಲಾದ ಮೇಲೆ ಬೆರಳಿಟ್ಟು ಕಂಪನ ನೋಡುವುದು ಹೇಗೆಂದು ತೋರಿಸಿಕೊಟ್ಟೆ.