ಎರೆಮಣ್ಣಿನ ಹಿತ್ತಲಲ್ಲಿ ಚಳಿಗಾಲದ ಕೆಲಸ

ಸೇಡಂ, ಚಿತ್ತಾಪುರ, ಶಹಾಬಾದ ಸೀಮೆಯ ಹಿತ್ತಲುಗಳಲ್ಲಿ ಕಾಯಿಪಲ್ಲೆಗೆ ತಕ್ಕ ಕಾಲವು ನವೆಂಬರದಿಂದ ಫೆಬ್ರುವರಿಯ ವರೆಗಿನ ನಾಲ್ಕು ತಿಂಗಳುಗಳೇ. ಮಳೆಗಾಲದಲ್ಲಿ ಎರೆಮಣ್ಣಿನೊಳಗೆ ನೀರು ನಿಂತು ಬೇರುಗಳು ಕೊಳೆಯುವವು. ಬೇಸಿಗೆಯಲ್ಲಿ ಬಿಸಿಲು ಸೊಪ್ಪನ್ನು ಸುಡುವದು.

ಈ ಮಣ್ಣು ಮಳೆಯ ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವದು. ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಬೆಳೆಯುವದು ಆ ತೇವದಿಂದಲೇ. ಆದರೆ ಒಣಗುತ್ತ ಬಂದಂತೆ ಮಣ್ಣು ಬಿರಿಯುವದು. ಬಿರುಕುಗಳು ಎಳೆಯ ಬೇರುಗಳನ್ನು ಹರಿಯುವದಲ್ಲದೆ ಒಳಗಿನ ತೇವವನ್ನೂ ಕಳೆಯುವವು. ಆದಕಾರಣ ಚಳಿಗಾಲದ ಮೊದಲ ಕೆಲಸವು ನೀರೆರೆಯುವದಲ್ಲ. ಖುರಪಿಯಿಂದ ಮೇಲ್ಮಣ್ಣನ್ನು ಕೆದರಿ ಬಿರುಕು ಮುಚ್ಚಿ, ಒಣ ಎಲೆಯನ್ನಾಗಲಿ ಜೋಳದ ಕಣಕಿಯ ಚೂರನ್ನಾಗಲಿ ಹಾಸುವದು. ನೀರು ಹೊರುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳೇ. ಹೀಗೆ ಉಳಿದ ಒಂದೊಂದು ಕೊಡವೂ ಅವರ ಓದಿಗೆ ಸಿಕ್ಕ ಸಮಯವೆಂದು ತಾಯಿತಂದೆಗಳು ಎಣಿಸಬೇಕೆಂದು ನಾವು ಬೇಡುತ್ತೇವೆ.

ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಮಡಿಗಳಿಗೆ ಬಿಡಬಹುದು. ಬಟ್ಟೆಯ ಸೋಡದ ನೀರು ಸರ್ವಥಾ ಬೇಡ, ಅದರಿಂದ ಮಣ್ಣು ಗಟ್ಟಿಯಾಗುವದು. ನಮ್ಮ ಅಂಗಳಗಳಿಗೆ ಹಾಸಿದ ಶಹಾಬಾದಿ ಕಲ್ಲು ಸುಣ್ಣದ ಕಲ್ಲೇ. ಇಲ್ಲಿಯ ಮಣ್ಣಿನಲ್ಲಿಯೂ ಸುಣ್ಣವು ಹೆಚ್ಚು. ಎಳೆಯ ಎಲೆಯ ನರಗಳು ಹಸುರಾಗಿದ್ದು ನಡುವಿನ ಭಾಗವು ಹಳದಿಯಾದರೆ, ಮಣ್ಣಿನ ಕಬ್ಬಿಣವನ್ನು ಸುಣ್ಣವು ಬೇರಿಗೆ ಬಿಟ್ಟುಕೊಡುತ್ತಿಲ್ಲವೆಂದು ತಿಳಿಯತಕ್ಕದ್ದು. ಇದಕ್ಕೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವು ಹಿತ. ಒಲೆಯ ಬೂದಿಯನ್ನು ಬುಡಕ್ಕೆ ಸುರಿಯುವ ವಾಡಿಕೆಯು ಬೇರೆ ಸೀಮೆಗೆ ಒಪ್ಪೀತು, ಇಲ್ಲಿ ಅದು ಸುಣ್ಣದ ದೋಷವನ್ನೇ ಹೆಚ್ಚಿಸುವದು.

ಮೆಂತ್ಯದ ಸೊಪ್ಪು ಸುಮಾರು ತಿಂಗಳಿಗೆ ಕೊಯ್ಲಿಗೆ ಬರುವದು. ಎಲ್ಲವನ್ನು ಒಮ್ಮೆಗೇ ಬಿತ್ತದೆ ಹತ್ತು ಹನ್ನೆರಡು ದಿನಗಳಿಗೊಂದು ಮಡಿಯಂತೆ ಬಿತ್ತಿದರೆ ಅಡಿಗೆಗೆ ತಪ್ಪದೆ ಒದಗುವದು. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಬೇಕು. ಗಜ್ಜರಿಯು ಬಿಗಿಯಾದ ಎರೆಯಲ್ಲಿ ಕವಲೊಡೆಯುವದು. ನೋಟಕ್ಕೆ ಚೆಂದವಿಲ್ಲದಿದ್ದರೂ ರುಚಿಗೆ ಕೊರತೆಯಿಲ್ಲ! ಕಡಲೆಯ ಎಳೆಯ ಕುಡಿಗಳನ್ನು ಚಿವುಟಿ ಪಲ್ಯ ಮಾಡಿದರೆ ಗಿಡವು ಇನ್ನಷ್ಟು ಕವಲೊಡೆಯುವದು. ಕ್ರಿಸ್ತಜಯಂತಿಯ ಸುಮಾರಿಗೆ ಹೊಲಗಳಲ್ಲಿ ತೊಗರಿ ಕೊಯ್ಯುವರು. ಅದರ ಕಟ್ಟಿಗೆಯು ಟೊಮೇಟೊ ಗಿಡಗಳಿಗೆ ಒಳ್ಳೆಯ ಆಸರೆ.

ಮೆಂತ್ಯ, ಕೊತ್ತಂಬರಿಗಳ ನಾಲ್ಕು ಬಲವಾದ ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡಿರಿ. ಬೀಜವು ಬಲಿತು ಒಣಗಿದ ಮೇಲೆ ಬೇವಿನ ಒಣ ಎಲೆಯೊಡನೆ ಗಡಿಗೆಯಲ್ಲಿಟ್ಟು ಬಾಯಿ ಕಟ್ಟಿ, ಮೇಲೆ ಹೆಸರನ್ನೂ ವರ್ಷವನ್ನೂ ಬರೆದಿಡಿರಿ.