ಭಾಷೆ ಮೂರು, ಕಾಯಿಲೆ ಒಂದು

ಲಿವರ್‌ಗೆ ಉರಿಯೂತ ಬಂದರೆ ಇಂಗ್ಲಿಷಿನಲ್ಲಿ 'ಹೆಪಟೈಟಿಸ್' ಅಂತಾರೆ. ಪೋರ್ಚುಗೀಸಿನಲ್ಲಿ 'ಹೆಪಟಿಟೆ', ಜರ್ಮನ್ನಿನಲ್ಲಿ 'ಲೇಬರ್‌ಎಂಟ್‌ಸುಂಡುಂಗ್'. ಈ ಮೂರು ಭಾಷೆಯ ಲೇಖನಗಳೂ ಒಂದೇ ಹುಡುಕಾಟದಲ್ಲಿ ಸಿಗಬೇಕು ಅಂದರೆ ಕಂಪ್ಯೂಟರ್ ಏನು ಮಾಡಬೇಕು? ಈ ಸಲ ಅದನ್ನೇ ನೋಡೋಣ.

ಮೊದಲು ಬೇಕಾದ್ದು ಪಟ್ಟಿ

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಲ್ಲಿ 'ಮೆಶ್' ಎಂಬ ವೈದ್ಯಕೀಯ ವಿಷಯಗಳ ಪಟ್ಟಿಯನ್ನು ಹೊರತಂದಿತು. ಲೇಖಕರು ಯಾವ ಪದವನ್ನೇ ಬಳಸಿರಲಿ, ಲೇಖನಕ್ಕೆ ಅಂಟಿಸುವುದು ಈ ಪಟ್ಟಿಯಲ್ಲಿರುವ ಹೆಸರನ್ನೇ. ಬ್ರೆಜಿಲ್‌ನ ಬಿರೆಮೆ ಸಂಸ್ಥೆ ಇದನ್ನು ಆಧಾರವಾಗಿಟ್ಟುಕೊಂಡು ಸ್ಪ್ಯಾನಿಷ್, ಪೋರ್ಚುಗೀಸ್ ಹೆಸರುಗಳೂ ಇರುವ 'ಡೆಕ್ಸ್' ಪಟ್ಟಿ ಮಾಡಿತು. ಪದ ಬೇರೆ, ಪರಿಕಲ್ಪನೆ ಒಂದೇ. ದಶಕಗಳ ಕಾಲ ಮನುಷ್ಯರು ಓದಿ ಮಾಡುತ್ತಿದ್ದ ಈ ಅಂಟಿಸುವ ಕೆಲಸ, ಮೆಡ್‌ಲೈನ್‌ನಲ್ಲಿ 2022ರಿಂದ ಸ್ವಯಂಚಾಲಿತವಾಗಿದೆ. ಆಯ್ದ ಲೇಖನಗಳನ್ನು ಮಾತ್ರ ಮನುಷ್ಯರು ಪರಿಶೀಲಿಸುತ್ತಾರೆ.

ಪದ ಒಡೆಯುವ ಉಪಾಯ

ಜರ್ಮನ್ನಿನಲ್ಲಿ ಪದಕ್ಕೆ ಪದ ಅಂಟಿಸುತ್ತಾ ಹೋಗಬಹುದು. ಎಲ್ಲ ರೂಪಗಳನ್ನೂ ನಿಘಂಟಿಗೆ ಹಾಕ್ತೀವಿ ಅಂದರೆ ಮುಗಿಯೋದೇ ಇಲ್ಲ. ಫ್ರೈಬರ್ಗ್‌ನಲ್ಲಿ ಬೆಳೆದ 'ಮಾರ್ಫೋಸಾರಸ್' ವ್ಯವಸ್ಥೆ ಇಡೀ ಪದದ ಬದಲು ಅದರ ತುಂಡುಗಳನ್ನು ನೋಡಿತು. 'ಹೆಪಟ್', 'ಲೇಬರ್' ಒಂದು ಗುಂಪು: ಲಿವರ್. 'ಐಟಿಸ್', 'ಇಟೆ', 'ಎಂಟ್‌ಸುಂಡ್' ಇನ್ನೊಂದು ಗುಂಪು: ಉರಿಯೂತ. ಆಗ ಮೂರೂ ಪದಗಳು 'ಲಿವರ್ + ಉರಿಯೂತ' ಎಂಬ ಒಂದೇ ಜೋಡಿಗೆ ಬಂದು ನಿಲ್ಲುತ್ತವೆ.

ಕನ್ನಡಕ್ಕೆ ಬಂದರೆ?

ನಮ್ಮಲ್ಲಿ ಯಕೃತ್ತು, ಪಿತ್ತಜನಕಾಂಗ, ಲಿವರ್ ಮೂರೂ ಒಂದೇ ಗುಂಪಿಗೆ ಸೇರಬೇಕು. 'ಉರಿಯೂತಕ್ಕೆ', 'ಉರಿಯೂತದಿಂದ' ಎಂಬಲ್ಲಿ ವಿಭಕ್ತಿ ಕಳಚಬೇಕು. ಇಷ್ಟನ್ನು ನಾವೂ ಕೋಡ್ ಮಾಡಬಹುದು. ಕಷ್ಟ ಇರೋದು ಮುಂದೆ. ಮಾತಿನಲ್ಲಿ ಹೆಪಟೈಟಿಸ್‌ಗೂ 'ಕಾಮಾಲೆ' ಅಂದುಬಿಡ್ತೀವಿ. ಆದರೆ ಕಾಮಾಲೆ ಒಂದು ಲಕ್ಷಣ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಬರುತ್ತದೆ. ಎರಡನ್ನೂ ಒಂದೇ ಗುಂಪಿಗೆ ಹಾಕಿದರೆ ವೈದ್ಯರಿಗೆ ತಪ್ಪು ಲೇಖನ ಸಿಗುತ್ತದೆ. ಇನ್ನು 'ರೋಗಿಗೆ ಕಾಮಾಲೆ ಇರಲಿಲ್ಲ' ಎಂಬ ವಾಕ್ಯ ನೋಡಿ. 'ಇಲ್ಲ' ಬರೋದು ಕೊನೆಯಲ್ಲಿ. ಪದ ಮಾತ್ರ ಎಣಿಸುವ ಪ್ರೋಗ್ರಾಂ ಇದಕ್ಕೂ ಕಾಮಾಲೆ ಅಂತಲೇ ಚೀಟಿ ಅಂಟಿಸುತ್ತದೆ.

ಮಾಡಿ ನೋಡಿ

ಕನ್ನಡ ಪತ್ರಿಕೆಯ ಒಂದು ಆರೋಗ್ಯ ಲೇಖನ ತೆಗೆದುಕೊಳ್ಳಿ. ಅದಕ್ಕೆ ಐದು ವಿಷಯಪದ ನೀವು ಕೊಡಿ, ಐದು ಗೆಳೆಯರಿಂದ ಕೊಡಿಸಿ. ಎಷ್ಟು ಹೊಂದುತ್ತವೆ ಎಣಿಸಿ. ಮನುಷ್ಯರಾದ ನಾವೇ ಎಲ್ಲಿ ಒಪ್ಪಲಿಲ್ಲವೋ, ಯಂತ್ರಕ್ಕೆ ಹೆಚ್ಚು ಕಲಿಸಬೇಕಾದದ್ದೂ ಬಹುಶಃ ಅಲ್ಲೇ.